ಏಳು ದಿನಕ್ಕೆ ಐದು ದ್ವೀಪಗಳೇಕೆ?

ಟಹೀಟಿಗೆ ಮೊದಲ ಬಾರಿ ಹೊರಡುವವರ ಕಾರ್ಯಕ್ರಮ ಪಟ್ಟಿಯನ್ನು ನೋಡಿದರೆ ಅದು ವಿಶ್ರಾಂತಿಯ ಯೋಜನೆಯೋ ಚುನಾವಣಾ ಪ್ರವಾಸವೋ ಎಂಬ ಅನುಮಾನ ಮೂಡುತ್ತದೆ. ಏಳು ದಿನ, ಐದು ದ್ವೀಪ! ಫ್ರೆಂಚ್ ಪಾಲಿನೇಷ್ಯಾದ ನೂರಕ್ಕೂ ಹೆಚ್ಚು ದ್ವೀಪಗಳು ಯುರೋಪಿನಷ್ಟು ವಿಶಾಲವಾದ ಕಡಲಿನಲ್ಲಿ ಚದುರಿವೆ. ಒಂದರಿಂದ ಇನ್ನೊಂದಕ್ಕೆ ಹಾರುವುದೆಂದರೆ ಪ್ರತಿ ಸಲವೂ ಅರ್ಧ ದಿನವನ್ನು ವಿಮಾನ ನಿಲ್ದಾಣಗಳಿಗೆ ಒಪ್ಪಿಸಿದಂತೆ. ಬೆಂಗಳೂರಿನಿಂದ ಹೋದವರಿಗಂತೂ ಹದಿನೈದೂವರೆ ಗಂಟೆಗಳ ಕಾಲವ್ಯತ್ಯಾಸದಿಂದ ಮೊದಲ ಕೆಲವು ದಿನ ನಿದ್ದೆಯೇ ದಿಕ್ಕು ತಪ್ಪಿರುತ್ತದೆ.

ಮೊದಲ ಪ್ರವಾಸಕ್ಕೆ ಮೊರೆಯಾ ಒಂದೇ ಸಾಕು. ರಾಜಧಾನಿ ಪಪೀಟಿಯಿಂದ ಫೆರ್ರಿ ಹತ್ತಿದರೆ ಗಂಟೆಯೊಳಗೆ ತಲುಪಬಹುದು. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಮಳೆಯೂ ಕಡಿಮೆ. ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕುಟೀರವೇ ಬೇಕೆಂಬ ಹಟವೇಕೆ? ಅದೇನೂ ದ್ವೀಪವಾಸಿಗಳ ಪುರಾತನ ವಾಸ್ತುಶೈಲಿಯಲ್ಲ; 1960ರ ದಶಕದಲ್ಲಿ ಅಮೆರಿಕದ ಹೋಟೆಲಿಗರು ಆರಂಭಿಸಿದ್ದು. ಸ್ಥಳೀಯ ಕುಟುಂಬಗಳು ನಡೆಸುವ ಅತಿಥಿಗೃಹಗಳಿಗೆ ಅಲ್ಲಿ 'ಪೆನ್ಷನ್' ಎನ್ನುತ್ತಾರೆ (ನಮ್ಮ ನಿವೃತ್ತಿವೇತನಕ್ಕೂ ಇದಕ್ಕೂ ಸಂಬಂಧವಿಲ್ಲ). ಅಲ್ಲಿ ತಂಗಿದರೆ ಖರ್ಚು ಹಗುರ, ಕೊಟ್ಟ ಹಣವೂ ಊರಿನವರ ಕೈಸೇರುತ್ತದೆ. ಹಸಿ ಮೀನಿಗೆ ನಿಂಬೆರಸ, ತೆಂಗಿನ ಹಾಲು ಬೆರೆಸಿದ ಖಾದ್ಯ ಅಲ್ಲಿಯವರಿಗೆ ಪ್ರಿಯ. ಸಸ್ಯಾಹಾರಿಗಳು ಮುಂಚಿತವಾಗಿಯೇ ತಿಳಿಸುವುದು ಲೇಸು. ನಮ್ಮ ಕರಾವಳಿಯ ಜೀಗುಜ್ಜೆ ಅಲ್ಲಿ 'ಉರು' ಎಂಬ ಹೆಸರಿನಲ್ಲಿ ಸಿಗುತ್ತದೆ.

ಪ್ರವಾಸೋದ್ಯಮವನ್ನೇ ನೆಚ್ಚಿದ ಬೋರಾ ಬೋರಾ ಕೂಡ 2022ರಲ್ಲಿ ವಿಹಾರ ಹಡಗುಗಳಿಂದ ಇಳಿಯುವವರಿಗೆ ದಿನಕ್ಕೆ 1,200ರ ಮಿತಿ ಹಾಕಿತು. ಅತಿಥಿಗಳ ಅವಸರ ಆತಿಥೇಯರನ್ನೂ ದಣಿಸಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇನ್ನೊಂದು ದ್ವೀಪವನ್ನು ಸೇರಿಸೋಣವೇ ಎಂದು ಟ್ರಾವೆಲ್ ಏಜೆಂಟರು ಕೇಳಿದರೆ, ಈ ಸಲ ಬೇಡವೆನ್ನಿ.