ಹಳೆಯ ಗೋಡೆ, ಹೊಸ ಬಾಳು

ಒಂದು ಬದಿ ಬರೆದ ಕಾಗದವನ್ನು ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದ ಗುಮಾಸ್ತರು ನಾವು; ಹಿಂಬದಿ ಖಾಲಿ ಇದೆಯಲ್ಲ! ಆದರೆ ಕಟ್ಟಡ ಹಳತಾಯಿತೆಂದರೆ ಕೆಡವುವುದೇ ಸರಿಯೆನ್ನುವವರು ನಮ್ಮಲ್ಲಿ ಬಹಳ. ಸಂಘದ ಸಭಾಗೃಹದ ವಿಷಯದಲ್ಲೂ ಈಗ ಅದೇ ಮಾತು ಕೇಳಿಬರುತ್ತಿದೆ.

ಸದಸ್ಯಬಂಧುಗಳು ಒಮ್ಮೆ ನಮ್ಮ ಮುಂಬಯಿಯ ಕಾಲಾಘೋಡಾ ಕಡೆ ಹೋಗಿಬರಬೇಕು. 1911ರಲ್ಲಿ ಮುಗಿದ ಕಾವಸ್‌ಜಿ ಜಹಾಂಗೀರ್ ಹಾಲ್ ಸಂಗೀತ ಕಛೇರಿಗಳನ್ನೂ ರಾಜಕೀಯ ಸಭೆಗಳನ್ನೂ ಕಂಡ ಕಟ್ಟಡ. ಹೊಸ ಸಭಾಗೃಹಗಳು ಬಂದ ಮೇಲೆ ಅದಕ್ಕೆ ಬೇಡಿಕೆ ಕುಗ್ಗಿತು. ಆದರೂ ಕೆಡವಲಿಲ್ಲ, ಹೊರಗೋಡೆಗಳನ್ನು ಉಳಿಸಿಕೊಂಡು, ಒಳಗೆ ಅಂತಸ್ತುಗಳನ್ನು ಏರಿಸಿ, 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ತೆರೆದರು.

ಇದು ಬರಿಯ ಹಳೆಯದರ ಮೋಹವಲ್ಲ. ಸಿಮೆಂಟು ತಯಾರಾಗಬೇಕಾದರೆ ಸುಣ್ಣಕಲ್ಲನ್ನೂ ಜೇಡಿಮಣ್ಣನ್ನೂ ಸುಮಾರು 1,450 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬೇಕು. ಉರುವಲಿನ ಹೊಗೆಯಲ್ಲದೆ ಆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ನಮ್ಮ ಸಭಾಗೃಹಕ್ಕಾಗಿ ಆ ಬೆಲೆಯನ್ನು ಎಂದೋ ತೆತ್ತಾಗಿದೆ. ಕೆಡವಿ ಕಟ್ಟಿದರೆ ಎರಡನೆಯ ಸಲ ತೆರಬೇಕು.

ಹಾಗೆಂದು, ತೊಲೆ ಕುಸಿಯುತ್ತಿದ್ದರೆ ಮೊಂಡುತನ ಸಲ್ಲದು. ಮುಂಬಯಿಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಇಂಜಿನಿಯರರ ತಪಾಸಣೆ ಹೇಗೂ ಕಡ್ಡಾಯ. ಆ ವರದಿಯನ್ನು ಓದುವ ಮುನ್ನವೇ ಹಾರೆ ಎತ್ತುವುದೇಕೆ? ಗೋಡೆ ಗಟ್ಟಿಯಿದ್ದರೆ, ಹಗಲೆಲ್ಲ ಬೀಗ ಬಿದ್ದಿರುವ ಸಭಾಗೃಹ ಬೆಳಿಗ್ಗೆ ಹಿರಿಯರ ವಾಚನಾಲಯವಾಗಬಹುದು, ಸಂಜೆ ಮಕ್ಕಳ ಕನ್ನಡ ತರಗತಿಯಾಗಬಹುದು. ಮಹಾಸಭೆಯಲ್ಲಿ ಕೈ ಎತ್ತುವ ಮುನ್ನ ಬಂಧುಗಳು ಇದನ್ನಿಷ್ಟು ಯೋಚಿಸಬೇಕೆಂದು ನಮ್ಮ ಬಿನ್ನಹ.