ಮೋಟು ನಳಿಗೆಯ ನಷ್ಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಾಡಿನಲ್ಲಿ ಸಂಸಾರದ ಏಳುಬೀಳುಗಳೆಲ್ಲ ತೆಂಗಿನ ತಲೆಯ ಮೇಲಿವೆ. ಎಳನೀರನ್ನು ಕಿತ್ತೆಸೆಯುವ ಕೋತಿಯನ್ನೂ, ಸಸಿಯ ಬುಡವನ್ನು ಅಗೆಯುವ ಹಂದಿಯನ್ನೂ ಬೆದರಿಸಲೆಂದು ಪರವಾನಗಿ ಪಡೆದು ಕೋವಿಯಿಟ್ಟುಕೊಂಡ ತೋಟದ ಯಜಮಾನನೊಬ್ಬನನ್ನು ಊಹಿಸಿಕೊಳ್ಳೋಣ. ಜೋತುಬಿದ್ದ ಗರಿಗಳ ನಡುವೆ ನೀಳವಾದ ನಳಿಗೆ ಅವನಿಗೆ ತೊಡಕು. ತುದಿಯನ್ನು ಗೇಣುದ್ದ ಕೊಯ್ಯಿಸಿದರೆ ಹಗುರವಾದೀತು. ತುಂಬುವ ಮದ್ದು ಮಾತ್ರ ಅಷ್ಟೇ ಇರುವಾಗ ಗುಂಡಿನ ವೇಗವೇಕೆ ಕುಂದಬೇಕು?

ಉತ್ತರ ಅಡಿಗೆಮನೆಯ ಊದುಗೊಳವೆಯಲ್ಲಿದೆ. ಅದರೊಳಗೆ ಹುಣಸೆಬೀಜವನ್ನಿಟ್ಟು ಊದಿದರೆ, ಬೀಜವು ಕೊಳವೆಯೊಳಗೆ ಇರುವಷ್ಟು ಹೊತ್ತು ಮಾತ್ರ ಉಸಿರು ಅದನ್ನು ದೂಡುತ್ತದೆ. ಹೊರಬಿದ್ದ ಮೇಲೆ ಕೆನ್ನೆಯುಬ್ಬಿಸಿ ಊದಿದರೂ ವ್ಯರ್ಥ.

ಗಿಡ್ಡ ನಳಿಗೆಯಲ್ಲಿ ಮದ್ದು ಅರೆಬರೆ ಉರಿದು ಹೊರಚೆಲ್ಲುವುದೇ ನಷ್ಟಕ್ಕೆಲ್ಲ ಕಾರಣವೆಂಬ ನಂಬಿಕೆಯುಂಟು. ಅದು ಪೂರ್ಣಸತ್ಯವಲ್ಲ. ಈಗಿನ ರೈಫಲಿನ ಹೊಗೆಯಿಲ್ಲದ ಮದ್ದಿನಲ್ಲಿ, ಗುಂಡು ಕೆಲವೇ ಅಂಗುಲ ಸರಿಯುವುದರೊಳಗೆ ಅನಿಲದ ಒತ್ತಡ ಶಿಖರಕ್ಕೇರಿ ಇಳಿಯತೊಡಗುತ್ತದೆ. ಮದ್ದಿನ ಬಹುಪಾಲು ಆರಂಭದಲ್ಲೇ ಉರಿದುಹೋಗಿರುತ್ತದೆ. ನಿಧಾನವಾಗಿ ಉರಿಯುವ ಮದ್ದನ್ನು ಹೆಚ್ಚಾಗಿ ತುಂಬಿದ ತೋಟಾಗಳಲ್ಲಿ ಒಂದಿಷ್ಟು ಉಳಿಯುವುದುಂಟು, ಅಷ್ಟೆ. ನಿಜವಾಗಿ ಪೋಲಾಗುವುದು ಹುಟ್ಟಿದ ಅನಿಲದ ಬಲ. ಹಿಗ್ಗುತ್ತ ಗುಂಡನ್ನು ತಳ್ಳಬೇಕಾದ ಅನಿಲ, ದಾರಿ ಮುಗಿದುದರಿಂದ ಬಾಯಿಂದ ಸಿಡಿದು ಸದ್ದಾಗಿಯೂ ಬೆಂಕಿಯಾಗಿಯೂ ಪರಿಣಮಿಸುತ್ತದೆ. ಆ ಬೆಂಕಿಯೂ ಬಹುಮಟ್ಟಿಗೆ ಉರಿಯದೆ ಉಳಿದ ಮದ್ದಿನದಲ್ಲ. ಕಾದ ಅನಿಲ ಹೊರಗಾಳಿ ತಾಗಿ ಮತ್ತೆ ಹೊತ್ತಿಕೊಂಡದ್ದು.

ಬಂಗಾಳದ ಇಛಾಪುರದಲ್ಲಿ ತಯಾರಾಗಿ ನಮ್ಮ ಪೊಲೀಸರ ಹೆಗಲಲ್ಲಿ ಬಹುಕಾಲ ಮೆರೆದ ‘ತ್ರೀ ನಾಟ್ ತ್ರೀ’ ಲೀ–ಎನ್‌ಫೀಲ್ಡ್ ರೈಫಲಿನ ನಳಿಗೆ 25.2 ಅಂಗುಲ; ಗುಂಡಿನ ವೇಗ ಸೆಕೆಂಡಿಗೆ ಸುಮಾರು 2,440 ಅಡಿ. ಕಾಡಿನ ಯುದ್ಧಕ್ಕೆಂದು ಬ್ರಿಟಿಷರು 1944ರಲ್ಲಿ ಲೀ–ಎನ್‌ಫೀಲ್ಡ್ ರೈಫಲನ್ನು ಮೊಟಕಿಸಿ, ಸುಮಾರು 19 ಅಂಗುಲದ ನಳಿಗೆಯ ‘ಜಂಗಲ್ ಕಾರ್ಬೈನ್’ ಮಾಡಿದರು. ವೇಗ ನೂರಕ್ಕೂ ಹೆಚ್ಚು ಅಡಿ ಇಳಿಯಿತು. ಕಣ್ಣು ಕುಕ್ಕುವ ಜ್ವಾಲೆಯನ್ನು ಮರೆಮಾಡಲು ಬಾಯಿಗೆ ಲಾಳಿಕೆಯಂಥ ಕವಚವನ್ನು ತೊಡಿಸಬೇಕಾಯಿತು. ಹಗುರವಾದ ಬಂದೂಕು ಹೆಗಲಿಗೆ ಕೊಟ್ಟ ಏಟಂತೂ ಸಿಪಾಯಿಗಳಿಗೆ ಮರೆಯಲಾಗಲಿಲ್ಲ.

ಹಾಗೆಂದು ಉದ್ದವೆಲ್ಲ ಒಳಿತೆನ್ನಲಾಗದು. ರೈಫಲುಗಳಲ್ಲಿ ಅಂಗುಲಕ್ಕೆ ಸಾಮಾನ್ಯವಾಗಿ 20ರಿಂದ 50 ಅಡಿಯಷ್ಟು ವೇಗ ಕುಗ್ಗಿದರೂ, ಪುಟ್ಟ ತೋಟಾದ ಪಾಯಿಂಟ್ ಟೂ ಟೂ ರೈಫಲಿಗೆ ಸುಮಾರು 16–18 ಅಂಗುಲವೇ ಸಾಕು. ಅದನ್ನು ಮೀರಿದರೆ ಸೋತ ಅನಿಲವನ್ನು ಘರ್ಷಣೆಯೇ ಗೆಲ್ಲುತ್ತದೆ. ಚರೆಯ ಕೋವಿಗಂತೂ ವೇಗದ ನಷ್ಟ ಇನ್ನೂ ಅಲ್ಪ. ಆದರೆ ಚರೆಗಳನ್ನು ಒಗ್ಗೂಡಿಸಲೆಂದು ತುದಿಯಲ್ಲಿ ನಳಿಗೆಯನ್ನು ತುಸು ಕಿರಿದಾಗಿಸಿದ ‘ಚೋಕ್’ ಇದ್ದಲ್ಲಿ, ಗರಗಸಕ್ಕೆ ಮೊದಲು ಬಲಿಯಾಗುವುದು ಅದೇ.

ಇಷ್ಟಕ್ಕೂ ಯಜಮಾನನ ಬಯಕೆಗೆ ಕಾನೂನೇ ಅಡ್ಡಬರುತ್ತದೆ. 1959ರ ಆಯುಧ ಅಧಿನಿಯಮದ 6ನೆಯ ಪ್ರಕರಣದಂತೆ, ಬಂದೂಕಿನ ನಳಿಗೆಯನ್ನು ಮೊಟಕುಗೊಳಿಸಲು ಪ್ರತ್ಯೇಕ ಪರವಾನಗಿ ಬೇಕು. ಬಂದೂಕಿಗೆ ಪಡೆದ ಪರವಾನಗಿ ಅದಕ್ಕೆ ಸಾಲದು.

ಅವನದು ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಾಗಿದ್ದರೆ ಇನ್ನೊಂದು ಆತಂಕವಿದೆ. ಕರಿಮದ್ದಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ; ಕೆಂಡದಂಥ ಕಣಗಳು ಅದರೊಡನೆ ಬಾಯಿಂದ ಹಾರುತ್ತವೆ. ಬೇಸಿಗೆಯ ತೋಟದಲ್ಲಿ ನೆಲದ ತುಂಬ ಒಣಗರಿ, ಕುರುಂಬಾಳೆ, ಸಿಪ್ಪೆ. ಸಿಡಿದ ಸದ್ದಿಗೆ ಕೋತಿ ಪಕ್ಕದ ಮರಕ್ಕೆ ನೆಗೆದೀತು; ತೆಂಗು ನೆಗೆಯಲಾರದು.