‘ಬಿಟ್ಟುಬಿಡಿ’ ಎನ್ನುವ ಹಿತೈಷಿಗಳಿಗೆ

ಕೈ ಕೆಟ್ಟವನಿಗೆ ಈ ಲೋಕದಲ್ಲಿ ಉಪದೇಶಕ್ಕೆ ಮಾತ್ರ ಬರಗಾಲವಿಲ್ಲ. ನನ್ನ ಬಲಗೈಯ ನರಕ್ಕೆ ತೊಂದರೆಯಾಗಿದೆಯೆಂಬ ಸುದ್ದಿ ಕಾಲೇಜಿನ ಅಧ್ಯಾಪಕರ ಕೊಠಡಿಯನ್ನು ಮುಟ್ಟಿ, ಅಲ್ಲಿಂದ ನಮ್ಮ ಬೀದಿಗೆ ಬಂದು, ನೆಂಟರಿಷ್ಟರನ್ನೆಲ್ಲ ಸುತ್ತಿ ಮನೆಗೆ ಹಿಂದಿರುಗುವ ಹೊತ್ತಿಗೆ ಅದು ಸುದ್ದಿಯಾಗಿ ಉಳಿದಿರಲಿಲ್ಲ, ತೀರ್ಪಾಗಿತ್ತು. “ಇನ್ನು ಆ ಮರದ ಚೂರುಗಳ ಸಹವಾಸ ಬಿಟ್ಟುಬಿಡಿ ಮೇಷ್ಟ್ರೇ” ಎಂದರು ಸಹೋದ್ಯೋಗಿಗಳು. “ಇನ್ನಾದರೂ ಬಿಟ್ಟುಬಿಡಿ ಭಾವ, ಅದರಿಂದ ಬರುವುದಾದರೂ ಏನು?” ಎಂದ ಭಾವಮೈದುನ. ಪಕ್ಕದ ಮನೆಯ ಹಿರಿಯರು, “ದೇವರ ಧ್ಯಾನ ಮಾಡಿ, ವಯಸ್ಸಾಯಿತಲ್ಲ” ಎಂದರು. ನನಗಿನ್ನೂ ಐವತ್ತಾಗಿಲ್ಲ.

ಇವರೆಲ್ಲರೂ ನನ್ನ ಮೇಲೆ ಪ್ರೀತಿಯುಳ್ಳವರೇ. ನನ್ನ ಜಗಳವಿರುವುದು ಆ ಪ್ರೀತಿಯ ಮೇಲೆಯೇ. ಹಗೆಯವರ ಮಾತಾಗಿದ್ದರೆ ಲೇಖನ ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ.

ಯಾವುದನ್ನು ಬಿಡಬೇಕೆಂದು ಇಷ್ಟೊಂದು ಒತ್ತಾಯವೆಂಬುದನ್ನು ವಾಚಕರಿಗೆ ತಿಳಿಸಬೇಕಷ್ಟೆ. ಹುಡುಗನಾಗಿದ್ದಾಗಿನಿಂದಲೂ ನನಗೆ ಮಾದರಿಗಳನ್ನು ಮಾಡುವ ಗೀಳು. ಹಗುರ ಮರ, ರಟ್ಟು, ಬೆಂಕಿಕಡ್ಡಿ, ಅಂಟು, ಬಣ್ಣ: ಇವಿಷ್ಟರಿಂದ ರೈಲು, ತೇರು, ಸೇತುವೆ, ವಿಮಾನ. ನಮ್ಮದು ನವರಾತ್ರಿಯಲ್ಲಿ ಬೊಂಬೆ ಕೂರಿಸುವ ಮನೆ. ಮೆಟ್ಟಿಲಿನ ಮೇಲಿನ ಪಟ್ಟದ ಬೊಂಬೆಗಳೂ ದಶಾವತಾರಗಳೂ ನನ್ನ ಮನೆಯವರ ಅಧಿಕಾರಕ್ಕೆ ಸೇರಿದವು. ಕೆಳಗೆ ನೆಲದ ಮೇಲಿನ ‘ಪಾರ್ಕು’ ನನ್ನದು. ರಾಗಿ ಚೆಲ್ಲಿ ಪೈರು ಬರಿಸಿ ಹೊಲ ಮಾಡಿ, ಒಡೆದ ಕನ್ನಡಿಯಿಂದ ಕೆರೆ ಮಾಡಿ, ಅದರ ನಡುವೆ ಆ ವರ್ಷದ ಮಾದರಿಯನ್ನಿಡುವುದು ಪದ್ಧತಿ. ಒಂದು ವರ್ಷ ಕನ್ನಂಬಾಡಿ ಕಟ್ಟೆ, ಇನ್ನೊಂದು ವರ್ಷ ಜೋಗದ ನಾಲ್ಕು ಕವಲು. ಬೊಂಬೆ ಬಾಗಿನಕ್ಕೆ ಬರುವ ಮಕ್ಕಳು ಮೇಲಿನ ದೇವರುಗಳನ್ನು ಒಂದು ಕ್ಷಣ ನೋಡಿ, ನೇರವಾಗಿ ನೆಲಕ್ಕೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಇದಕ್ಕಿಂತ ದೊಡ್ಡ ವಿಮರ್ಶಕ ಮನ್ನಣೆ ನನ್ನ ಯಾವ ಪ್ರಬಂಧಕ್ಕೂ ಸಿಕ್ಕಿಲ್ಲ.

ರೋಗದ ವಿಚಾರ. ಮಣಿಕಟ್ಟಿನಲ್ಲಿ 8 ಸಣ್ಣ ಮೂಳೆಗಳು ಕಮಾನಿನಂತೆ ಕೂಡಿಕೊಂಡು, ಅವುಗಳಿಗೆ ಅಡ್ಡಲಾಗಿ ಗಟ್ಟಿಯಾದ ಪಟ್ಟಿಯೊಂದು ಬಿಗಿದು, ಒಂದು ಇಕ್ಕಟ್ಟಾದ ಓಣಿಯಾಗಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದೇ ಒಂದು ನರವೂ ಆ ಓಣಿಯಲ್ಲಿ ಹಾದುಹೋಗಬೇಕು. ರಜ್ಜುಗಳ ಹೊದಿಕೆ ಊದಿಕೊಂಡರೆ ನೂಕುನುಗ್ಗಲು. ನೂಕುನುಗ್ಗಲಿನಲ್ಲಿ ಮೆತ್ತಗಿರುವವರೇ ನಲುಗುವುದು ಲೋಕರೂಢಿ, ಇಲ್ಲಿ ನಲುಗುವುದು ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ, ಇಷ್ಟಕ್ಕೂ ಜೋಮು ಹಿಡಿಯುತ್ತದೆ. ಕಿರುಬೆರಳಿನ ನರ ಬೇರೆ ದಾರಿಯಿಂದ ಬರುವುದರಿಂದ ಅದೊಂದು ಮಾತ್ರ ತನಗೇನೂ ಸಂಬಂಧವಿಲ್ಲದ ನೆಂಟನ ಹಾಗೆ ಹಾಯಾಗಿರುತ್ತದೆ. ವೈದ್ಯರು ಇದನ್ನು ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೈ ಕೊಡವುವವರು ಹೆಸರಿಲ್ಲದೆಯೇ ಇದನ್ನು ಬಲ್ಲರು.

ನಾನು ಹಾಗೆ ಒಂದೂವರೆ ವರ್ಷ ಕೈ ಕೊಡವುತ್ತ ಕಾಲ ಕಳೆದೆ. ಅದು ಮೂರ್ಖತನ, ಅದನ್ನು ಸಮರ್ಥಿಸಲಾರೆ. ಬಹುಕಾಲ ಒತ್ತಡಕ್ಕೆ ಸಿಕ್ಕ ನರ ತನ್ನ ಸ್ನಾಯುವನ್ನೂ ಸೊರಗಿಸುತ್ತದೆ. ನನ್ನ ಹೆಬ್ಬೆರಳ ಬುಡದ ದಿಂಡು ಇಳಿದುಹೋದದ್ದನ್ನು ಕಂಡ ಮೇಲೆಯೇ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು. ನರದಲ್ಲಿ ವಿದ್ಯುತ್ತು ಹರಿಸಿ ಅದರ ವೇಗ ಅಳೆದರು, ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟರು. ಕೊನೆಗೆ 2022ರಲ್ಲಿ ಆ ಮಣಿಕಟ್ಟಿನ ಬಿಗಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಿಕೊಟ್ಟರು. ರಾತ್ರಿಯ ನೋವು ಹೋಯಿತು. ಬೆರಳ ತುದಿಯ ಅರಿವು ಪೂರ್ತಿ ಬರಲಿಲ್ಲ. ಗುಂಡುಸೂಜಿಯನ್ನೂ ಬೆಂಕಿಕಡ್ಡಿಯನ್ನೂ ಕಣ್ಣುಮುಚ್ಚಿ ಬೇರೆಬೇರೆಯೆಂದು ಹೇಳಲಾರೆ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ವೈದ್ಯರು ನನಗೆ ಹೇಳಿದ್ದು ಇಷ್ಟು: ಮಣಿಕಟ್ಟನ್ನು ಬಾಗಿಸಿಕೊಂಡು ಬಹಳ ಹೊತ್ತು ಇರಬೇಡಿ, ಬಿಗಿಯಾಗಿ ಚಿವುಟಿ ಹಿಡಿಯುವುದನ್ನು ಕಡಮೆ ಮಾಡಿ, ಅದುರುವ ಯಂತ್ರ ಹಿಡಿಯಬೇಡಿ, ಒಂದೇ ಕೆಲಸವನ್ನು ಗಂಟೆಗಟ್ಟಲೆ ಮಾಡಬೇಡಿ. ಮರವೆಂಬ ಪದವಾಗಲಿ, ವಿಮಾನವೆಂಬ ಪದವಾಗಲಿ ಅವರ ಬಾಯಿಂದ ಬರಲಿಲ್ಲ. ಇನ್ನು ಈ ನಾಲ್ಕು ವಿಧಿಗಳನ್ನು ಹಿಡಿದು ನನ್ನ ದಿನಚರಿಯನ್ನು ಪರೀಕ್ಷಿಸಿ. ಮಾದರಿಯ ಕೆಲಸ ದಿನಕ್ಕೆ ಮುಕ್ಕಾಲು ಗಂಟೆ. ಕೆಲವು ದಿನ ಅದೂ ಇಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನವೋ? ಬೆಳಗ್ಗೆಯಿಂದ ಸಂಜೆಯವರೆಗೆ ಕೆಂಪು ಪೆನ್ನನ್ನು ಚಿವುಟಿ ಹಿಡಿದು, ಮಣಿಕಟ್ಟು ಬಾಗಿಸಿ, ಅಂಕ ಹಾಕಿ, ಅಂಕ ಕೂಡಿ, ಕೂಡಿದ್ದನ್ನು ಇನ್ನೊಂದು ಹಾಳೆಗೆ ಏರಿಸಿ, ಎರಡು ವಾರ. ನನ್ನ ಕೈ ಕೆಟ್ಟದ್ದು ಇದರಿಂದಲೇ ಎಂದು ಹೇಳಲಾರೆ. ಮಧುಮೇಹ, ಥೈರಾಯ್ಡು, ವಂಶ ಎಂದು ಕಾರಣಗಳು ಹಲವು. ಆದರೆ ಕೆಟ್ಟ ಕೈಗೆ ಅತ್ಯಂತ ಹೆಚ್ಚು ನೋವು ಕೊಟ್ಟದ್ದು ಇದೇ ಎಂಬುದಕ್ಕೆ ನನ್ನ ಕೈಯೇ ಸಾಕ್ಷಿ. ಹೀಗಿರುವಲ್ಲಿ, “ಮೌಲ್ಯಮಾಪನ ಬಿಟ್ಟುಬಿಡಿ ಮೇಷ್ಟ್ರೇ” ಎಂದು ಒಬ್ಬ ಪುಣ್ಯಾತ್ಮನಾದರೂ ಹೇಳಿದನೆ? ಇಲ್ಲ. ಕೈಪಟ್ಟಿ ಕಟ್ಟಿಕೊಂಡೇ ಹೋಗಿ ಕೂತಾಗ, “ಕರ್ತವ್ಯನಿಷ್ಠರು” ಎಂದರು. ಅದೇ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮರದ ರೆಕ್ಕೆಗೆ ಉಪ್ಪುಕಾಗದ ಉಜ್ಜಿದಾಗ, “ಹಟಮಾರಿ” ಎಂದರು.

ದೇಹದಲ್ಲಿ ಶಕ್ತಿ ಕಡಮೆಯಾದೊಡನೆ ಮೊದಲು ಕೊಯ್ದು ಹಾಕಬೇಕಾದದ್ದು ಸಂತೋಷವನ್ನು ಎಂಬ ನಿಯಮವನ್ನು ನಮ್ಮ ಮಧ್ಯಮ ವರ್ಗಕ್ಕೆ ಯಾರು ಕಲಿಸಿದರೋ ತಿಳಿಯದು. ಸಂಬಳದ ಕೆಲಸ ಇರಲಿ, ಮದುವೆಮುಂಜಿಗಳ ಓಡಾಟ ಇರಲಿ, ಬ್ಯಾಂಕಿನ ಕಾಗದಪತ್ರಗಳಿಗೆ ರುಜು ಇರಲಿ. ಹಾಡುವವನ ಹಾಡು, ತೋಟ ಮಾಡುವವಳ ತೋಟ, ಹೆಣೆಯುವವಳ ಹೆಣಿಗೆ, ಇವು ಮಾತ್ರ ಹೋಗಲಿ. ನಮ್ಮ ಸೋದರತ್ತೆಯೊಬ್ಬರಿಗೆ ಇದೇ ಕೈನೋವು ಬಂದಾಗ ಮನೆಯವರು ರಂಗೋಲಿ ಬಿಡಿಸಿದರು, ಒರಳು ಬಿಡಿಸಲಿಲ್ಲ. ಅವರು ಸಾಯುವವರೆಗೂ ಹೊಸಿಲ ಮುಂದೆ ಸೊಸೆ ಎಳೆದ ರಂಗೋಲಿಯನ್ನು ನೋಡಿ “ಎಳೆ ದಪ್ಪವಾಯಿತು” ಎನ್ನುತ್ತಿದ್ದರು. ಆಗ ನಾವು ಮಕ್ಕಳು ನಗುತ್ತಿದ್ದೆವು.

ಎದುರಾಳಿಯ ಕೈಯಲ್ಲಿ ಒಂದು ಬಲವಾದ ಆಯುಧವಿದೆ, ಅದನ್ನು ನಾನೇ ತೆಗೆದುಕೊಡುತ್ತೇನೆ. 2021ರ ಒಂದು ಸಂಜೆ ನಾನು ಹಗುರ ಮರದ ಹಲಗೆಯೊಂದನ್ನು ಚಾಕುವಿನಿಂದ ಸೀಳುತ್ತಿದ್ದೆ. ಮರದ ಮೇಲೆ ಕೆಂಪು ಕಂಡಿತು. ಬಣ್ಣದ ಡಬ್ಬಿ ಸೋರುತ್ತಿದೆಯೆಂದುಕೊಂಡೆ. ಸೋರುತ್ತಿದ್ದದ್ದು ನನ್ನ ತೋರುಬೆರಳು. ಕೊಯ್ದದ್ದು ನನಗೆ ಗೊತ್ತೇ ಆಗಿರಲಿಲ್ಲ. ಮನೆಯವರು ಆ ದಿನ ಒಂದು ಮಾತೂ ಆಡದೆ ಬಟ್ಟೆ ಸುತ್ತಿ, ಚಾಕುವನ್ನು ಎತ್ತಿ ಅಡಿಗೆಮನೆಯ ಅಟ್ಟದ ಮೇಲಿಟ್ಟರು. ಜೋಮುಹಿಡಿದ ಬೆರಳಿಗೆ ಹರಿತವಾದ ಅಲಗು ಶತ್ರು. ಇದು ಸತ್ಯ. ಅಂಟಿನ ಬಿಸಿಯೂ ಹಾಗೆಯೇ, ಸೀಳಿನ ಮುಳ್ಳೂ ಹಾಗೆಯೇ.

ಆದರೆ ಈ ಸತ್ಯದಿಂದ ಹೊರಡುವ ತೀರ್ಮಾನ ಯಾವುದು? ಚಾಕು ಹೋಗಬೇಕೆಂಬುದು. ಕೆಲಸವೇ ಹೋಗಬೇಕೆಂದು ಯಾವ ತರ್ಕಶಾಸ್ತ್ರದಲ್ಲಿದೆ? ಚಾಕು ಅಟ್ಟದಿಂದ ಇಳಿಯಲೇ ಇಲ್ಲ. ಅದರ ಸ್ಥಾನಕ್ಕೆ ಸಣ್ಣ ಹಲ್ಲಿನ ಗರಗಸ ಬಂತು. ಹಲಗೆಯನ್ನು ಕೈಯಲ್ಲಿ ಹಿಡಿಯುವುದು ನಿಂತು, ಮೇಜಿಗೆ ಕಚ್ಚಿಸಿದ ವೈಸ್ ಹಿಡಿಯತೊಡಗಿತು. ವೈಸ್‌ಗೆ ಜೋಮು ಹಿಡಿಯುವುದಿಲ್ಲ. ಅರದ ಹಿಡಿಗೆ ಹಳೆಯ ಸೈಕಲ್ ಟ್ಯೂಬನ್ನು ಕೊಯ್ದು ಸುತ್ತಿ ಸುತ್ತಿ ಬದನೆಕಾಯಿಯಷ್ಟು ದಪ್ಪ ಮಾಡಿದೆ. ದಪ್ಪ ಹಿಡಿಯನ್ನು ಇಡೀ ಅಂಗೈಯಿಂದ ಹಿಡಿಯಬಹುದು, ಬೆರಳ ತುದಿಯಿಂದ ಚಿವುಟಬೇಕಾಗಿಲ್ಲ. ಅಂಟು ಒಣಗುವವರೆಗೆ ತುಂಡುಗಳನ್ನು ಕೂಡಿಸಿ ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳು. ಹಗ್ಗದಿಂದ ಅವು ಮಾಯವಾಗುತ್ತಿರುವುದರ ಬಗ್ಗೆ ಮನೆಯಲ್ಲಿ ವಿಚಾರಣೆ ನಡೆದಿದೆ. ಮಣಿಕಟ್ಟಿನ ಕೆಳಗೆ ಒಂದು ಮರಳುಚೀಲ, ಕೈ ಬಾಗದಿರಲೆಂದು. ಬೆರಳಿಗೆ ದರ್ಜಿಗಳು ಹಾಕಿಕೊಳ್ಳುವ ಲೋಹದ ಟೊಪ್ಪಿಗೆ. ಪಕ್ಕದಲ್ಲಿ ಅಲಾರಂ: 20 ನಿಮಿಷಕ್ಕೊಮ್ಮೆ ಅದು ಕೂಗಿದಾಗ, ಅಂಟು ಹಚ್ಚಿದ ತುಂಡು ಕೈಯಲ್ಲಿದ್ದರೂ ಸರಿ, ಎದ್ದು ಅಂಗಳದಲ್ಲಿ ಒಂದು ಸುತ್ತು. ಈ ಕೊನೆಯದನ್ನು ರೂಢಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟವಾಯಿತು.

ಇಷ್ಟಾದ ಮೇಲೂ ವಾದ ಮುಗಿಯಲಿಲ್ಲ. ಈಗ ಬಂದವರು ನಾಜೂಕಿನ ಭಕ್ತರು. “ಮಾಡುತ್ತೀರಿ ಸರಿ, ಆದರೆ ಮೊದಲಿನ ಹಾಗೆ ಬರುವುದಿಲ್ಲವಲ್ಲ” ಎನ್ನುವವರು. ಬರುವುದಿಲ್ಲ ಸ್ವಾಮಿ. ನಾನು ಕುರುಡನಲ್ಲ, ನನಗೂ ಕಾಣುತ್ತದೆ. ಮೊದಲು ನಾನು ಮಾಡುತ್ತಿದ್ದದ್ದು 72ರಲ್ಲಿ ಒಂದು ಅಳತೆಯ ವಿಮಾನಗಳು. ಬೆಂಗಳೂರಿನಲ್ಲಿ ಹುಟ್ಟಿ 1961ರ ಜೂನ್ 17ರಂದು ಇಲ್ಲಿಯೇ ಮೊದಲು ಹಾರಿದ ನಮ್ಮ ಮಾರುತ್ ವಿಮಾನವನ್ನು ತೆಗೆದುಕೊಳ್ಳಿ; ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳುತನದಲ್ಲಿ ಎಚ್.ಎ.ಎಲ್. ಕಟ್ಟಿದ್ದು. ಉದ್ದ ಹದಿನಾರು ಮೀಟರಿಗೆ ತುಸು ಕಡಮೆ, ರೆಕ್ಕೆಯ ಹರವು 9 ಮೀಟರು. 72ರ ಅಳತೆಯಲ್ಲಿ ಅದರ ಉದ್ದ 22 ಸೆಂಟಿಮೀಟರು, ಚಕ್ರಗಳು ಕಡಲೆಬೇಳೆಯಷ್ಟು. ಆ ಚಕ್ರಗಳನ್ನು ನನ್ನ ಬೆರಳು ಈಗ ಕಾಣದು. ಆದ್ದರಿಂದ ಅಳತೆಯನ್ನು 24ರಲ್ಲಿ ಒಂದಕ್ಕೆ ಏರಿಸಿದೆ. ಉದ್ದ 66 ಸೆಂಟಿಮೀಟರಾಯಿತು. ಚಕ್ರ ಹಿಡಿತಕ್ಕೆ ಬಂತು. ರೆಕ್ಕೆಯ ಅಂಚು ಸ್ವಲ್ಪ ಅಂಕುಡೊಂಕು. ಮೂಗು ಎಡಕ್ಕೆ ಒಂದು ನೂಲು ತಿರುಗಿದೆ. ಹಾಗಾದರೇನಂತೆ?

ಅಂದಹಾಗೆ ಈ ಮಾರುತ್ ವಿಮಾನದ್ದೇ ಒಂದು ಕಥೆಯಿದೆ. ಯಾವ ಬಲದ ಎಂಜಿನ್ನಿಗಾಗಿ ಅದರ ಒಡಲನ್ನು ರೂಪಿಸಿದರೋ ಆ ಎಂಜಿನ್ ಅದಕ್ಕೆ ಕಡೆಗೂ ದೊರೆಯಲಿಲ್ಲ. ಕಡಮೆ ಬಲದ ಎರಡು ಆರ್ಫಿಯಸ್ ಎಂಜಿನ್ನುಗಳಲ್ಲಿಯೇ ಹಾರಿತು. ಎಣಿಸಿದ ವೇಗ ಬರಲಿಲ್ಲ. ಅದರಲ್ಲಿಯೇ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯ ಮೇಲೆ ಕೆಲಸ ಮಾಡಿತು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದನ್ನಿಟ್ಟಿದ್ದಾರೆ; ಅಳತೆ ಕಣ್ಣಿಗೆ ತುಂಬಿಕೊಳ್ಳಲು ನಾನು ಎಷ್ಟೋ ಭಾನುವಾರ ಅದರ ಮುಂದೆ ನಿಂತಿದ್ದೇನೆ.

ಚನ್ನಪಟ್ಟಣದಲ್ಲಿ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಿಡಿಸಿ ಬೊಂಬೆ ಮಾಡುವ ಕುಶಲಕರ್ಮಿಯ ಕೈ ಸೋತರೆ ಅವನ ಕೂಲಿಯೇ ಹೋಯಿತು. ಅವನ ದುಃಖದ ಪಕ್ಕದಲ್ಲಿ ನನ್ನದನ್ನಿಡುವಷ್ಟು ನಾಚಿಕೆಗೆಟ್ಟವನಲ್ಲ ನಾನು. ಆದರೆ ಅವನಿಗಿಲ್ಲದ ಒಂದು ಸ್ವಾತಂತ್ರ್ಯ ನನಗಿದೆಯಷ್ಟೆ: ನನ್ನ ಮಾದರಿಯನ್ನು ಯಾರೂ ಕೊಳ್ಳಬೇಕಾಗಿಲ್ಲ. ಕೊಳ್ಳುವವನಿಲ್ಲದ ಕಡೆ ನಾಜೂಕಿನ ಕಂದಾಯವನ್ನು ವಸೂಲು ಮಾಡಲು ಈ ಭಕ್ತರಿಗೆ ಅಧಿಕಾರ ಕೊಟ್ಟವರಾರು? ಮರಾಠಿಯಲ್ಲಿ ಹವ್ಯಾಸವೆಂದರೆ ಅತಿಯಾಸೆ. ಕನ್ನಡದಲ್ಲಿ ಅದು ಬಿಡುವಿನ ಪ್ರೀತಿಯ ಕೆಲಸ. ನಮ್ಮ ನುಡಿ ಆ ಪದವನ್ನು ಇಷ್ಟು ಸೌಮ್ಯಗೊಳಿಸಿಟ್ಟಿರುವಾಗ ನಾವೇಕೆ ಮತ್ತೆ ಅದಕ್ಕೆ ಸ್ಪರ್ಧೆಯ ಕೊಂಬು ಹಚ್ಚಬೇಕು?

ಇನ್ನೊಂದು ಬಣವಿದೆ, ಅವರ ಕೈಯಿಂದ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ. ಇವರು ‘ಬಿಡಬೇಡಿ’ ಎನ್ನುವವರು. ನನ್ನನ್ನು ವೀರನನ್ನಾಗಿ ಮಾಡಲು ಹೊರಟವರು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಷರ್ ಅವರ ಕಥೆಯನ್ನು ನನಗೆ ಮೂವರು ಬೇರೆಬೇರೆಯಾಗಿ ಹೇಳಿದ್ದಾರೆ. 1964ರಲ್ಲಿ ಅವರ ಬಲಗೈಯ ಬೆರಳುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು; ಎಡಗೈಯೊಂದರಿಂದಲೇ ನುಡಿಸುತ್ತ, ವಾದ್ಯವೃಂದ ನಡೆಸುತ್ತ, ಪಾಠ ಹೇಳುತ್ತ ಮೂವತ್ತು ವರ್ಷ ಕಳೆದು, ಚುಚ್ಚುಮದ್ದಿನ ಚಿಕಿತ್ಸೆಯಿಂದ ಮತ್ತೆ ಎರಡೂ ಕೈಗಳಿಗೆ ಮರಳಿದರು. ದೊಡ್ಡ ಮಾತೇ. ಆದರೆ ಮೊದಮೊದಲು ಅವರು ಎಂಥ ಹತಾಶೆಯಲ್ಲಿ ಮುಳುಗಿದ್ದರೆಂಬುದನ್ನು ಕಥೆ ಹೇಳುವವರು ಬಿಟ್ಟುಬಿಡುತ್ತಾರೆ. ನನಗೆ ಆ ಕಥೆಯಲ್ಲಿ ಹಿಡಿಸಿದ್ದು ಬೇರೊಂದು ಅಂಶ. ಅವರು ಎಡಗೈಯಲ್ಲಿ ನುಡಿಸಿದ ಕೃತಿಗಳಲ್ಲೊಂದನ್ನು ರಾವೆಲ್ ರಚಿಸಿದ್ದು, ಮೊದಲನೆಯ ಮಹಾಯುದ್ಧದಲ್ಲಿ ಬಲತೋಳು ಕಳೆದುಕೊಂಡ ಪಾಲ್ ವಿಟ್‌ಗೆನ್‌ಸ್ಟೈನ್ ಎಂಬ ವಾದಕನಿಗಾಗಿ. ಉಳಿದ ಒಂದು ಕೈಗೆ ಹೊಂದುವಂತೆ ಸಂಗೀತವನ್ನೇ ಹೊಸದಾಗಿ ಬರೆದರು. ವಾದಕನಿಗೆ ಯಾರೂ ಧೈರ್ಯದ ಭಾಷಣ ಬಿಗಿಯಲಿಲ್ಲ, ನುಡಿಸಲು ಒಂದು ಕೃತಿ ಕೊಟ್ಟರು. ನನ್ನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಲು ಬಂದವರಿಗೆ ನಾನು ಹೇಳಿದ್ದೂ ಇದೇ: ಶಾಲು ಬೇಡ, ದಪ್ಪ ಹಿಡಿಯ ಸಣ್ಣ ಅರ ಎಲ್ಲಿ ಸಿಗುತ್ತದೆಂದು ವಿಚಾರಿಸಿ ತಿಳಿಸಿ. ಇಂದಿನವರೆಗೆ ಉತ್ತರವಿಲ್ಲ.

ಹೋದ ನವರಾತ್ರಿಯ ಮೊದಲ ದಿನ, ಭಾವಮೈದುನ ಊರಿನಿಂದ ಬಂದಾಗ ಮಾರುತ್ ವಿಮಾನದ ಬಲ ರೆಕ್ಕೆಗೆ ನಾನು ಆಗತಾನೆ ಅಂಟು ಹಚ್ಚಿದ್ದೆ. ಕ್ಲಿಪ್ಪು ಆ ಜಾಗದಲ್ಲಿ ಕೂರುತ್ತಿರಲಿಲ್ಲ, ಬೆರಳು ಸ್ವಾಧೀನದಲ್ಲಿರಲಿಲ್ಲ. ಅವನು ಚಪ್ಪಲಿ ಬಿಡುತ್ತಲೇ ಪಲ್ಲವಿ ತೆಗೆದ. “ಭಾವ, ನಾನು ಹೇಳಿದ್ದೇನು...” “ಮಾತು ಆಮೇಲೆ. ಇದನ್ನು ಹಿಡಿ” ಎಂದೆ. ಹಿಡಿದ. ಐದು ನಿಮಿಷವೆಂದಿದ್ದೆ, ಅಂಟು ಹಳೆಯದು, ಹತ್ತಾಯಿತು. ಮೊದಲು ಕಾಫಿ ಕೇಳಿದ, ಆಮೇಲೆ ರೆಕ್ಕೆ ಹಿಂದಕ್ಕೇಕೆ ಬಾಗಿದೆಯೆಂದು ಕೇಳಿದ, ಆಮೇಲೆ ಎರಡು ಎಂಜಿನ್ನು ಒಂದೇ ಒಡಲಿನಲ್ಲಿ ಹೇಗೆ ಹಿಡಿಸುತ್ತವೆಂದು ಕೇಳಿದ. ಕಾಫಿ ಆರಿಹೋಯಿತು. ಎಡ ರೆಕ್ಕೆಗೆ ಅವನೇ ಕೂತ.

ಅದರ ಚಕ್ರಗಳ ಕೆಲಸ ಇನ್ನೂ ಬಾಕಿ ಉಳಿದಿದೆ. ಹೋದ ಸಲ ರಾಗಿಯ ಪೈರಿನಲ್ಲಿ ಹೊಟ್ಟೆ ಹುದುಗಿಸಿ ನಿಲ್ಲಿಸಿದ್ದೆವು. ಮಕ್ಕಳಲ್ಲಿ ಒಬ್ಬಳು ಬಗ್ಗಿ ನೋಡಿ, “ಮಾಮ, ಇದಕ್ಕೆ ಕಾಲೇ ಇಲ್ಲ” ಎಂದಳು.